ಕನ್ನಡದಲ್ಲಿ ಬಂದ ಕರೆ

ನನ್ನ ಕೆಲಸವೆಂದರೆ ಫೋನ್ ಮಾಡುವುದು. ಅದೇನು ಮಹಾ ಕೆಲಸ ಎಂದು ನಮ್ಮ ಅತ್ತೆಯವರೇ ಮೊದಮೊದಲು ಅಂದಿದ್ದರು. ಪುಣೆಯ ಒಂದು ಆಸ್ಪತ್ರೆಯಲ್ಲಿ ನಾನು ಅಂಗಾಂಗ ಕಸಿ ವಿಭಾಗದ ಸಂಯೋಜಕಿ. ಮಿದುಳು ಸತ್ತ ರೋಗಿಯ ಮನೆಯವರು ದಾನಕ್ಕೆ ಒಪ್ಪಿದರೆ, ಕಾಯುವವರ ಪಟ್ಟಿಯಲ್ಲಿ ಯಾರ ಸರದಿ ಇದೆಯೋ ಅವರಿಗೆ ಫೋನ್ ಮಾಡಿ, ಕಿಡ್ನಿ ಬಂದಿದೆ, ಹೊರಡಿ ಎಂದು ಹೇಳಬೇಕಾದವಳು ನಾನು. ಆ ಒಂದು ಫೋನಿಗಾಗಿ ಜನ ವರ್ಷಗಟ್ಟಲೆ ಕಾದಿರುತ್ತಾರೆ. ಕಾದವರೇ ಅದನ್ನು ಕತ್ತರಿಸಿಬಿಟ್ಟರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೊಂದು ಭಾನುವಾರ. ಹೆದ್ದಾರಿಯ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಒಬ್ಬ ಮನುಷ್ಯ ನಮ್ಮ ತೀವ್ರ ನಿಗಾ ಘಟಕದಲ್ಲಿದ್ದ. ನಿಯಮದಂತೆ ಎರಡು ಸಲ ಪರೀಕ್ಷೆ ಮಾಡಿ ಮಿದುಳು ಸತ್ತಿದೆ ಎಂದು ವೈದ್ಯರು ಖಚಿತಪಡಿಸಿದ್ದರು. ಬೆಳಿಗ್ಗೆ ಅವನ ಹೆಂಡತಿ, ಅಣ್ಣ ಇಬ್ಬರೂ ಸಹಿ ಹಾಕಿದರು. ಆ ಹೆಂಡತಿ ಪೆನ್ನು ವಾಪಸು ಕೊಡುತ್ತಾ, ಯಾರಿಗೆ ಕೊಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದಳು. ಹೆಸರು ಹೇಳುವಂತಿಲ್ಲ, ಆದರೆ ಭಾಳ ದಿನದಿಂದ ಕಾಯುತ್ತಿರುವವರಿಗೆ ಎಂದೆ. ಮಧ್ಯಾಹ್ನದ ಹೊತ್ತಿಗೆ ವಲಯ ಸಮಿತಿಯಿಂದ ಹಂಚಿಕೆ ಬಂತು. ಒಂದು ಕಿಡ್ನಿ ಬೇರೆ ಆಸ್ಪತ್ರೆಗೆ, ಇನ್ನೊಂದು ನಮ್ಮ ಪಟ್ಟಿಗೆ. ಆ ರಕ್ತದ ಗುಂಪಿನಲ್ಲಿ ನಮ್ಮ ಪಟ್ಟಿಯ ಮೊದಲ ಹೆಸರು ನೋಡಿ, ಕುಳಿತಲ್ಲೇ ಕೈ ಮುಗಿದೆ. ಅದು ವೈನಿಯ ಹೆಸರು.

ವೈನಿ ಎಂದರೆ ನನಗೇನೂ ಸಂಬಂಧಿಕರಲ್ಲ. ನಮ್ಮ ಧಾರವಾಡದ ಕಡೆ ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ನಾನು ಅವರನ್ನು ಕರೆಯುತ್ತಿದ್ದೆ. ಅವರು ಶಾಲೆಯ ಶಿಕ್ಷಕಿಯನ್ನು ಕರೆದ ಹಾಗೆ ನನ್ನನ್ನು ಅಕ್ಕೋರ ಎನ್ನುತ್ತಿದ್ದರು. ಬೈಲಹೊಂಗಲದ ಕಡೆಯವರು. ಕಾತ್ರಜದಲ್ಲಿ, ಹೆದ್ದಾರಿಯ ಮಗ್ಗುಲಿಗೆ ಸಣ್ಣದೊಂದು ಖಾನಾವಳಿ. ಬೆಳಗಾವಿ, ಹುಬ್ಬಳ್ಳಿಯ ಬಸ್ಸು ಓಡಿಸುವವರು ಅವರ ಜೋಳದ ರೊಟ್ಟಿಗೆಂದೇ ಅಲ್ಲಿ ಇಳಿಯುತ್ತಿದ್ದರು. ವೈನಿಯ ಯಜಮಾನರು ಹಿಂಜವಾಡಿಯ ಕಂಪನಿಯೊಂದರ ನೌಕರರನ್ನು ಕರೆದೊಯ್ಯುವ ಕಾರು ಓಡಿಸುತ್ತಿದ್ದರು. ವಾರಕ್ಕೆ ಮೂರು ದಿನ ವೈನಿಗೆ ಕಾತ್ರಜದ ಒಂದು ಚಿಕ್ಕ ಕೇಂದ್ರದಲ್ಲಿ ಡಯಾಲಿಸಿಸ್, ಉಳಿದ ದಿನ ಒಲೆಯ ಮುಂದೆ. ಮನಿಯಾಗ ಕೂತ್ರ ಬ್ಯಾನಿ ಜಾಸ್ತಿ ಆಗತದ್ರಿ, ಅನ್ನುತ್ತಿದ್ದರು.

ಪಟ್ಟಿಗೆ ಹೆಸರು ಬರೆಸಲು ಬಂದ ದಿನ ಪಥ್ಯದಲ್ಲಿ ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಪುಡಿಯೂ ಇಲ್ಲವೆಂದು ಕೇಳಿ ಅವರು ಪೆಚ್ಚಾಗಿದ್ದರು. "ಶೇಂಗಾ ಹಿಂಡಿ ತಿನಬಾರ್ದಂತ್ರಿ ಅಕ್ಕೋರ. ಬರೇ ರೊಟ್ಟಿ ಹ್ಯಾಂಗ ನುಂಗೋದ್ರಿ?"

"ಕಿಡ್ನಿ ಬರಲಿ ತಡೀರಿ ವೈನಿ. ಆಮ್ಯಾಲ ಡಬ್ಬಿಗಟ್ಲೆ ತಿನ್ನೀರಂತ."

"ಅವತ್ತ ಮೊದಲನೇ ಡಬ್ಬಿ ನಿಮಗ ಕೊಡ್ತೀನಿ" ಎಂದು ನಕ್ಕಿದ್ದರು. ಅವರ ನಗುವಿನಲ್ಲಿ ಒಂದು ಧೈರ್ಯ ಇತ್ತು. ನನಗೆ ರೋಗಿಗಳಲ್ಲಿ ಭೇದ ಮಾಡುವ ಹಕ್ಕಿಲ್ಲ, ಆದರೆ ಆಕೆಯ ಮೇಲೆ ನನಗೆ ಅಕ್ಕರೆ ಇತ್ತು, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಮೊದಲ ಸಲ ಫೋನು ಪೂರ್ತಿ ರಿಂಗಾಗಿ ನಿಂತಿತು. ಎರಡನೆಯ ಸಲ ಯಜಮಾನರು ಎತ್ತಿದರು. ಇಂಥ ಕರೆಗೆ ನಮ್ಮಲ್ಲಿ ಒಂದು ಒಕ್ಕಣೆ ಇದೆ; ಮರಾಠಿಯಲ್ಲಿ ಆಸ್ಪತ್ರೆಯ ಹೆಸರು, ವಿಭಾಗದ ಹೆಸರು, ರೋಗಿಯ ನೋಂದಣಿ ಸಂಖ್ಯೆ, ಎಲ್ಲ ಹೇಳಿ ಆಮೇಲೆ ವಿಷಯ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು. "ಅಣ್ಣಾರ, ನಮಸ್ಕಾರ್ರಿ. ದವಾಖಾನಿಯಿಂದ ಮಾತಾಡಾಕತ್ತೀನಿ. ವೈನಿ ಪಾಳಿ ಬಂತ್ರಿ. ಕಿಡ್ನಿ ಸಿಕ್ಕದ. ಲಗೂ ಹೊರಡ್ರಿ" ಎಂದುಬಿಟ್ಟೆ.

 ಆ ಕಡೆಯಿಂದ, "ಸಾಕ್ ಮಾಡ್ರಿ ಇನ್ನ" ಎಂಬ ದಣಿದ ದನಿ. ಫೋನ್ ಕಟ್ಟಾಯಿತು.

ಏನೋ ತಪ್ಪು ತಿಳಿದರು ಎಂದು ಮತ್ತೆ ಮಾಡಿದೆ. ಒಂದೇ ರಿಂಗಿಗೆ ಕತ್ತರಿಸಿದರು. ಇನ್ನೊಮ್ಮೆ ಮಾಡಿದರೆ ರಿಂಗೇ ಆಗಲಿಲ್ಲ, ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ್ದರು. ವೈನಿಯ ಹೆಸರಿನ ಎರಡನೆಯ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಯಂತ್ರದ ದನಿ ಹೇಳಿತು. ನಾನು ಮೆಸೇಜ್ ಕಳಿಸಿದೆ: ನಿಮ್ಮ ಸರದಿ ಬಂದಿದೆ, ತಕ್ಷಣ ಹೊರಡಿ, ಏನನ್ನೂ ತಿನ್ನಬೇಡಿ, ಈ ಸಂಖ್ಯೆಗೆ ಕರೆ ಮಾಡಿ. ಕೆಳಗೆ, ಯಾವ ಗೇಟಿಗೆ ಬರಬೇಕೆಂದು ತೋರಿಸುವ ನಕಾಶೆಯ ಲಿಂಕು.

ಈಗ ಆ ಮೆಸೇಜ್ ಓದಿದರೆ ನನಗೇ ಸಂಶಯ ಬರುತ್ತದೆ. ತಕ್ಷಣ ಎಂಬ ಅವಸರ, ಗುರುತಿಲ್ಲದ ಸಂಖ್ಯೆ, ಒತ್ತಿ ಎನ್ನುವ ಲಿಂಕು, ಮೋಸಗಾರರ ಮೆಸೇಜಿನಲ್ಲಿ ಇರುವುದೆಲ್ಲ ಅದರಲ್ಲಿತ್ತು. ಇಂಥವನ್ನು ತೆರೆಯದೆ ಅಳಿಸಿಹಾಕಿ ಎಂದು ನಮ್ಮ ಹೊರರೋಗಿ ವಿಭಾಗದ ಗೋಡೆಗೆ ನಾವೇ ಹಾಳೆ ಅಂಟಿಸಿದ್ದೆವು. ಸಾಲದ್ದಕ್ಕೆ ಕೆಲವು ತಿಂಗಳ ಹಿಂದೆ ಆಸ್ಪತ್ರೆಯ ಫೋನ್ ವ್ಯವಸ್ಥೆ ಬದಲಾಗಿ ನಮ್ಮ ವಿಭಾಗಕ್ಕೂ ಹೊಸ ಸಂಖ್ಯೆ ಬಂದಿತ್ತು. ದಿನಕ್ಕೆ ನೂರಾರು ಕರೆ ಹೋಗುವ ಸಂಖ್ಯೆಯಾದ್ದರಿಂದ ಕೆಲವರ ಫೋನಿನಲ್ಲಿ ಅದು ಕೆಂಪು ಅಕ್ಷರದಲ್ಲಿ, ಮೋಸದ ಕರೆ ಇರಬಹುದು ಎಂಬ ಎಚ್ಚರಿಕೆಯೊಂದಿಗೇ ಮೂಡುತ್ತಿತ್ತಂತೆ. ಸಂಖ್ಯೆ ಬದಲಾಗಿದೆ ಎಂದು ಎಲ್ಲರಿಗೂ ತಿಳಿಸಿದ್ದೆವು. ಹೇಗೆ ತಿಳಿಸಿದ್ದೆವು? ಮೆಸೇಜ್ ಕಳಿಸಿ.

ಡಯಾಲಿಸಿಸ್ ಕೇಂದ್ರಕ್ಕೆ ಭಾನುವಾರ ರಜೆ. ಅಲ್ಲಿನ ತಂತ್ರಜ್ಞನ ಬಳಿ ಇದ್ದದ್ದೂ ಅದೇ ಎರಡು ಸಂಖ್ಯೆ. ವಾರ್ಡಿನ ಸಿಸ್ಟರ್ ಒಬ್ಬರಿಗೆ ಅವರದೇ ಫೋನಿನಿಂದ ಮರಾಠಿಯಲ್ಲಿ ಮಾತಾಡಿ ನೋಡಿ ಎಂದು ಕಾಡಿದೆ. ಅಷ್ಟರಲ್ಲಿ ಯಜಮಾನರು ಫೋನನ್ನೇ ಆರಿಸಿಬಿಟ್ಟಿದ್ದರು.

ಕಿಡ್ನಿ ವಿಭಾಗದ ದೊಡ್ಡ ಡಾಕ್ಟರು ನನ್ನ ಮೇಜಿನ ಮುಂದೆ ಬಂದು ನಿಂತರು. ಕಡಿಮೆ ಮಾತಿನ ಮನುಷ್ಯ. "ಎರಡನೆಯವರನ್ನು ಕರೆಯಿರಿ" ಎಂದರು ಮರಾಠಿಯಲ್ಲಿ.

"ಸರ್, ಅವರು ಮನೆಯಲ್ಲೇ ಇದ್ದಾರೆ. ಫೋನ್ ಎತ್ತುತ್ತಿಲ್ಲ ಅಷ್ಟೇ."

"ನಂಬುತ್ತೇನೆ. ಆದರೆ ದಾನಿಯ ರಕ್ತದೊತ್ತಡ ಔಷಧದ ಮೇಲೆ ನಿಂತಿದೆ. ನಾಲ್ಕು ಗಂಟೆಗೆ ಲ್ಯಾಬಿನವರು ಕೂಡಿಕೆಯ ಪರೀಕ್ಷೆ ಶುರು ಮಾಡುತ್ತಾರೆ. ಅಷ್ಟರೊಳಗೆ ಇವರ ರಕ್ತ ಬಂದರೆ ಇಬ್ಬರದೂ ಒಟ್ಟಿಗೆ ನೋಡುತ್ತಾರೆ, ಹೊಂದಿದರೆ ಸರದಿಯಂತೆ ಇವರದೇ ಹಕ್ಕು. ಬರದಿದ್ದರೆ ನಾನು ತಡೆಯಲಾರೆ."

ಕೂಡಿಕೆಯ ಪರೀಕ್ಷೆ ಎಂದರೆ ದಾನಿಯ ರಕ್ತದ ಕಣಗಳನ್ನೂ ಪಡೆಯುವವರ ರಕ್ತವನ್ನೂ ಸೇರಿಸಿ, ಇದು ಅದನ್ನು ವೈರಿ ಎಂದು ತಿಳಿದು ಕೊಲ್ಲುತ್ತದೆಯೋ ಇಲ್ಲವೋ ಎಂದು ನೋಡುವುದು. ಅದಕ್ಕೆ ಗಂಟೆಗಟ್ಟಲೆ ಬೇಕು. ಅದಾಗದೆ ಆಪರೇಷನ್ ಮೇಜು ಹತ್ತಿಸುವ ಹಾಗಿಲ್ಲ.

ಎರಡನೆಯವರು ಖಡಕಿಯ ಒಬ್ಬ ಗುಮಾಸ್ತರು, ಇಬ್ಬರು ಮಕ್ಕಳ ತಂದೆ. ಅವರು ಮೊದಲ ರಿಂಗಿಗೇ ಎತ್ತಿದರು. ನಾನು ಒಕ್ಕಣೆ ಮುಗಿಸುವ ಮೊದಲೇ, "ನಿಘಾಲೋ ಮ್ಯಾಡಮ್, ಹೊರಟೆ" ಎಂದರು.  ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಫೋನ್ ಇಟ್ಟ ಮೇಲೆ ನಿರ್ಧಾರ ಮಾಡಿದೆ. ಕಸಿ ವಿಭಾಗಕ್ಕೆ ಬರುವ ಮುಂಚೆ ನಾನು ನರ್ಸು. ರಕ್ತ ತೆಗೆಯಲು ಯಾರನ್ನೂ ಕೇಳಬೇಕಿಲ್ಲ. ದಾನಿಯ ಮನೆಯವರ ಹತ್ತಿರ ಇರಬೇಕಾದದ್ದು ನನ್ನ ಕರ್ತವ್ಯ, ಅದನ್ನು ಸಹೋದ್ಯೋಗಿಗೆ ಒಪ್ಪಿಸಿದೆ. ರಕ್ತದ ಕೊಳವೆಗಳು, ಸೂಜಿ, ಪಟ್ಟಿ, ತಂಪು ಡಬ್ಬಿ ಚೀಲಕ್ಕೆ ತುಂಬಿ ಕೆಳಗೆ ಓಡಿ ಆಟೋ ಹಿಡಿದೆ. ಕಾತ್ರಜ ಎಂದರೆ ಆಟೋದವನು, ಇಷ್ಟು ಗದ್ದಲದಲ್ಲಿ ಬೇಡ ತಾಯಿ ಎಂದ. ಜೀವದ ಪ್ರಶ್ನೆ ಎಂದೆ. ಅವನು ಗಾಡಿ ಹೊರಡಿಸಿದ.

ದಾರಿಯುದ್ದಕ್ಕೂ ನಾನು ಯಜಮಾನರಿಗೆ ಬಯ್ಯಲು ಮಾತು ಜೋಡಿಸುತ್ತಿದ್ದೆ. ನನ್ನ ಸ್ವಭಾವವೇ ಅಂಥದ್ದು, ಹೆದರಿಕೆಯಾದಾಗ ಸಿಟ್ಟು ಮುಂದೆ ಬರುತ್ತದೆ. ಮೂರು ವರ್ಷ ಹೆಂಡತಿಯನ್ನು ಡಯಾಲಿಸಿಸ್ಸಿಗೆ ಹೊತ್ತು ತಿರುಗಿದ ಮನುಷ್ಯನಿಗೆ ಒಂದು ಫೋನ್ ಎತ್ತಲು ಏನು ಧಾಡಿ ಎಂದು ಮನಸ್ಸಿನಲ್ಲೇ ಬಯ್ದೆ.

ಖಾನಾವಳಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ವೈನಿ ಸಂಜೆಯ ರೊಟ್ಟಿ ಬಡಿಯುತ್ತಿದ್ದರು. ಯಜಮಾನರು ಬೆಂಚಿನ ಮೇಲೆ ಕುಳಿತಿದ್ದರು, ಅವರ ಮುಂದೆ ಫೋನು ಬೋರಲಾಗಿ ಬಿದ್ದಿತ್ತು. ನನ್ನನ್ನು ನೋಡಿ ಇಬ್ಬರೂ ಎದ್ದು ನಿಂತರು.

"ಫೋನ್ ಯಾಕ್ ಎತ್ತಲಿಲ್ರಿ ಅಣ್ಣಾರ?" ನನ್ನ ದನಿ ಏರಿತ್ತು. "ಕಿಡ್ನಿ ಬಂದದ. ಎಷ್ಟ್ ಸಲ ಮಾಡ್ಬೇಕ್ರಿ?"

ಅವರು ನನ್ನ ಮುಖ ನೋಡಿದರು, ಫೋನ್ ನೋಡಿದರು. "ಅದು ನೀವೇನ್ರಿ ಅಕ್ಕೋರ? ಖರೇನ ನೀವೇನ್ರಿ?"

"ಮತ್ತ ಯಾರು?"

"ಮರಾಠಿಯೊಳಗ ಮಾತಾಡಿದ್ರ ಕೇಳ್ತಿದ್ನ್ರಿ. ಕನ್ನಡ ಬಂತಲ್ರಿ, ಅದಕ್ಕ ಕಟ್ ಮಾಡಿದೆ." ಹೇಳುತ್ತಾ ಹೇಳುತ್ತಾ ಅವರು ಕುಳಿತುಬಿಟ್ಟರು.

ನನಗೆ ಅರ್ಥವಾಗಲಿಲ್ಲ, ಕೇಳಲು ಹೊತ್ತೂ ಇರಲಿಲ್ಲ. ವೈನಿ ಆಗಲೇ ಕೈ ತೊಳೆದು ಬಂದಿದ್ದರು. ಮಧ್ಯಾಹ್ನದ ಊಟ ಮಾಡಿರಲಿಲ್ಲ, ಅದೊಂದು ಸಮಾಧಾನ. ಎಡಗೈ ಡಯಾಲಿಸಿಸ್ಸಿನದು, ಮುಟ್ಟುವಂತಿಲ್ಲ. ಬಲಗೈಯ ನರಗಳು ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಗಂಟುಗಟ್ಟಿದ್ದವು. ಎರಡು ಸಲ ಸೂಜಿ ತಪ್ಪಿತು. ಮೂರನೆಯ ಸಲ ಅಂಗೈ ಹಿಂಭಾಗದಲ್ಲಿ ರಕ್ತ ಸಿಕ್ಕಿತು. ಅವರ ಬೆರಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು ಇತ್ತು. ವೈನಿ ಒಲೆ ಆರಿಸಿ, ಒಂದು ಸೀರೆ ಚೀಲಕ್ಕೆ ಹಾಕಿ, ದೇವರ ಫೋಟೋಕ್ಕೆ ಕೈ ಮುಗಿದು ಕಾರು ಹತ್ತಿದರು. ಯಜಮಾನರೇ ಗಾಡಿ ಹೊರಡಿಸಿದರು. ರಕ್ತದ ಡಬ್ಬಿ ನನ್ನ ತೊಡೆಯ ಮೇಲೆ. ನಾಲ್ಕು ಗಂಟೆಗೆ ಇನ್ನೂ ಹೊತ್ತಿತ್ತು, ರಸ್ತೆ ಬಿಡುವಿದ್ದರೆ ಮುಟ್ಟಬಹುದಿತ್ತು.

ಕನ್ನಡದ ಕಥೆಯನ್ನು ವೈನಿಯೇ ಕಾರಿನಲ್ಲಿ ಹೇಳಿದರು.

ಪುಣೆಯಲ್ಲಿರುವ ನಮ್ಮ ಕಡೆಯವರದೊಂದು ವಾಟ್ಸಾಪ್ ಗುಂಪಿದೆ. ಊರಿನಿಂದ ಬೆಲ್ಲ ತರಿಸುವುದು, ಗಂಡು ಹೆಣ್ಣು ಹುಡುಕುವುದು, ರಕ್ತ ಬೇಕಾದರೆ ಕೇಳುವುದು, ಎಲ್ಲ ಅದರಲ್ಲೇ. ಹೋದ ವರ್ಷ ಯಜಮಾನರು ಅದರಲ್ಲಿ ಹೆಂಡತಿಯ ವಿಷಯ ಬರೆದಿದ್ದರು: ಹೆಸರು, ರಕ್ತದ ಗುಂಪು, ಯಾವ ಆಸ್ಪತ್ರೆಯ ಪಟ್ಟಿ, ಫೋನ್ ಸಂಖ್ಯೆ. ಪರಿಚಯದವರು ಯಾರಾದರೂ ದೊಡ್ಡವರಿಗೆ ಹೇಳಿ ಬೇಗ ಸರದಿ ಬರುವಂತೆ ಮಾಡಲಿ ಎಂಬ ಆಸೆ. ನಮ್ಮವರ ಗುಂಪಿನಲ್ಲಿ ಹೇಳಿಕೊಂಡರೆ ಏನಾಗುತ್ತದೆ ಎಂದು ಅವರಿಗೆ ಅನ್ನಿಸಿತ್ತು. ಅದನ್ನು ಯಾರು ಎಲ್ಲಿಗೆ ದಾಟಿಸಿದರೋ.

ಕೆಲವೇ ವಾರಗಳಲ್ಲಿ ವೈನಿಯ ಫೋನಿಗೆ ಕರೆ ಬಂತು. "ಎಷ್ಟ್ ಛಂದ ಕನ್ನಡ ಅಂತೀರಿ ಅಕ್ಕೋರ" ಎಂದರು ವೈನಿ. "ನಮ್ಮ ಬೆಳಗಾವಿ ಕಡೇದ. ಅಕ್ಕಾ, ನಿಮ್ಮ ಪಾಳಿ ಬಂದದ, ನಾ ದವಾಖಾನಿಯಾಗ ಹೊಸದಾಗಿ ಸೇರೀನಿ, ನಮ್ಮೂರ ಅಕ್ಕ ಅಂತ ಮೊದಲ ನಿಮಗ ಹೇಳಾಕತ್ತೀನಿ ಅಂದ. ನನ್ನ ರಕ್ತದ ಗುಂಪ ಹೇಳಿದ. ಮನಿಯಾಗ ಊಟ ಆತೇನ್ರಿ ಅಂತ ಕೇಳಿದ. ಇಪ್ಪತ್ತು ವರ್ಷದಾಗ ಈ ಊರಾಗ ಫೋನ್ ಮಾಡಿ ಊಟ ಆತೇನು ಅಂತ ಯಾರೂ ಕೇಳಿದ್ದಿಲ್ರಿ."

ತಪಾಸಣೆಯ ಖರ್ಚು ಈಗಲೇ ಕಟ್ಟಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ ಎಂದನಂತೆ. ಕಾರಿನ ಕಂತಿಗೆಂದು ಇಟ್ಟದ್ದನ್ನೆಲ್ಲ ಫೋನಿನಿಂದಲೇ ಕಳಿಸಿದರು. ಮರುದಿನ ಬೆಳಿಗ್ಗೆ ಬರಲು ಹೇಳಿದ್ದ. ವೈನಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಬುತ್ತಿ ಕಟ್ಟಿಕೊಂಡು ಗಂಡನ ಜೊತೆ ನಮ್ಮ ಆಸ್ಪತ್ರೆಯ ಗೇಟಿಗೆ ಬಂದರು. ಕಾವಲುಗಾರ ವಿಚಾರಿಸಿ, ನಿಮ್ಮನ್ನು ಯಾರೂ ಕರೆದಿಲ್ಲ ಎಂದ. ಆ ಸಂಖ್ಯೆ ಆಗಲೇ ಸತ್ತಿತ್ತು. ಗೇಟಿನ ಎದುರಿನ ಕಟ್ಟೆಯ ಮೇಲೆ ಮಧ್ಯಾಹ್ನದ ತನಕ ಕುಳಿತಿದ್ದು, ಬುತ್ತಿ ಬಿಚ್ಚದೆ ವಾಪಸು ಹೋದರು.

"ಮ್ಯಾಲ ಬಂದು ನನಗ ಒಂದು ಮಾತ್ ಹೇಳಬಾರ್ದಿತ್ತೇನ್ರಿ ವೈನಿ?" ಎಂದೆ. ಆ ದಿನ ನಾನು ಆ ಗೇಟಿನ ಮೇಲಿನ ಮಹಡಿಯಲ್ಲೇ ಎಲ್ಲೋ ಇದ್ದಿರಬೇಕು.

"ಏನಂತ ಹೇಳೋದ್ರಿ. ಮರ್ಯಾದಿ ಹೋಕ್ಕಿತ್ತು. ಪಾಳಿ ತಪ್ಪಿಸಿ ಮುಂದ ಹೋಗಾಕ ರೊಕ್ಕ ಕೊಟ್ರು ಅಂತ ನಮ್ಮ ಹೆಸರ ಪಟ್ಟಿಯಿಂದ ತಗದ್ರ?"

ಅಂದಿನಿಂದ ವೈನಿಯ ಫೋನಿನ ಸಿಮ್ಮು ತೆಗೆದರು. ಯಜಮಾನರು ಮನೆಗೊಂದು ಕಟ್ಟಳೆ ಮಾಡಿದರು: ಗೊತ್ತಿಲ್ಲದ ಸಂಖ್ಯೆಯಿಂದ ಕನ್ನಡ ಕೇಳಿಸಿದರೆ ಕತ್ತರಿಸುವುದು. ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಡುವವರನ್ನು ಮೊದಲಿಂದಲೂ ತೂಗಿ ನೋಡಿಯೇ ನಂಬುತ್ತಿದ್ದರು. ಮೋಸ ಒಳಗೆ ಬಂದದ್ದು ಕನ್ನಡದ ಬಾಗಿಲಿನಿಂದ, ಹಾಗಾಗಿ ಆ ಬಾಗಿಲನ್ನು ಹಾಕಿದರು. ಹಾವು ತುಳಿದವರು ಹಗ್ಗಕ್ಕೂ ಹೆದರುತ್ತಾರೆ. ಅದರಲ್ಲಿ ಅವರದೇನು ತಪ್ಪು. ದಾರಿಯಲ್ಲಿ ಜೋಡಿಸಿದ್ದ ಬೈಗುಳಗಳನ್ನೆಲ್ಲ ಅಲ್ಲೇ ಬಿಟ್ಟೆ.

ಸ್ವಾರಗೇಟಿನ ಹತ್ತಿರ ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಪೇಶಂಟ್ ಆಹೇ ಹೋ, ಜರಾ ಜಾಊ ದ್ಯಾ, ರೋಗಿ ಇದ್ದಾರೆ ದಾರಿ ಬಿಡಿ ಎಂದು ಎಲ್ಲರನ್ನೂ ಬೇಡುತ್ತಿದ್ದರು. ಒಬ್ಬಿಬ್ಬರು ಸರಿದರು. ಆಗ ನನಗೆ ಫೋನ್ ಬಂತು.

"ಎಲ್ಲಿದ್ದೀರಿ?" ದೊಡ್ಡ ಡಾಕ್ಟರು.

"ಸ್ವಾರಗೇಟ್, ಸರ್. ರಕ್ತ ನನ್ನ ಕೈಯಲ್ಲಿದೆ. ಬಂದೆವು."

"ದಾನಿಯ ಒತ್ತಡ ಕುಸಿಯಿತು. ನಾನು ಲ್ಯಾಬಿಗೆ ಶುರು ಮಾಡಲು ಹೇಳಿದೆ. ಒಂದೇ ರಕ್ತದ ಮೇಲೆ. ಇನ್ನು ಕಾದರೆ ಯಾರಿಗೂ ಸಿಗುವುದಿಲ್ಲ. ಅವರಿಗೆ ನೀವೇ ಹೇಳಿ."

ನಾನು ಸರಿ ಸರ್ ಎಂದೆ. ವಾದ ಮಾಡಬಹುದಿತ್ತು, ನನ್ನ ಬಾಯಿ ಸಣ್ಣದಲ್ಲ. ಆದರೆ ಅವರು ಹೇಳಿದ್ದು ನಿಜವಾಗಿತ್ತು. ಆ ಹೆಂಡತಿ ಬೆಳಿಗ್ಗೆ ಸಹಿ ಹಾಕಿ ಕೊಟ್ಟದ್ದನ್ನು ನನ್ನ ಅಕ್ಕರೆಗಾಗಿ ಮಣ್ಣುಪಾಲು ಮಾಡುವಂತಿರಲಿಲ್ಲ. ಆ ಫೋನು ಇಟ್ಟ ಮೇಲಿನ ಹೊತ್ತು ನನ್ನ ಕೆಲಸದ ಬದುಕಿನಲ್ಲೇ ಅತ್ಯಂತ ಕೆಟ್ಟದ್ದು. ವೈನಿ ನನ್ನ ಮುಖ ನೋಡುತ್ತಿದ್ದರು. ಯಜಮಾನರು ಇನ್ನೂ ಹೊರಗೆ ಕೈ ಮಾಡಿ ದಾರಿ ಕೇಳುತ್ತಿದ್ದರು.

"ಅಣ್ಣಾರ, ಗಾಡಿ ಸೈಡಿಗೆ ತಗೋರಿ" ಎಂದೆ.

ಅವರು ತಿರುಗಲಿಲ್ಲ. ಕೈ ಮಾತ್ರ ಒಳಗೆ ಬಂತು. ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತರು. ನಾ ಕೊಂದೆ ಆಕಿನ್ನ, ನಾ ಕೊಂದೆ ಎಂಬ ಮಾತು ಬಿಟ್ಟು ಅವರ ಬಾಯಿಂದ ಬೇರೇನೂ ಬರಲಿಲ್ಲ.

ವೈನಿ ಅಳಲಿಲ್ಲ. ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಸಿಟ್ಟಿತ್ತು. "ನೀವರೆ ಮರಾಠಿಯೊಳಗ ಮಾತಾಡಬಾರ್ದಿತ್ತೇನ್ರಿ ಅಕ್ಕೋರ?"

 ಕನ್ನಡ ಆಡಿದ್ದು ತಪ್ಪು ಎಂದು ಯಾವ ಬಾಯಿಂದ ಹೇಳಲಿ, ಅಲ್ಲ ಎಂದು ಯಾವ ಬಾಯಿಂದ ಹೇಳಲಿ. ಅವರೇ ಗಂಡನ ಭುಜದ ಮೇಲೆ ಕೈಯಿಟ್ಟು, "ಏಳ್ರಿ. ಮನೀಗಿ ಹೋಗೂಣು. ಹಿಟ್ಟು ಕಲಸಿದ್ದು ಹಂಗ ಬಿಟ್ಟ ಬಂದೀನಿ" ಎಂದರು. ನಾನು ಅಲ್ಲೇ ಇಳಿದು, ಉಪಯೋಗಕ್ಕೆ ಬಾರದ ರಕ್ತದ ಡಬ್ಬಿ ಹಿಡಿದು ಆಸ್ಪತ್ರೆಗೆ ನಡೆದೆ. ಖಡಕಿಯ ಗುಮಾಸ್ತರಿಗೆ ಆ ಕಿಡ್ನಿ ಹೊಂದಿತು. ಈಗ ಆರಾಮಾಗಿದ್ದಾರೆ. ಅವರ ಮಕ್ಕಳನ್ನು ನೋಡಿದಾಗ ನನಗೆ ಸಂತೋಷವೇ ಆಗುತ್ತದೆ, ಅದು ಸುಳ್ಳಲ್ಲ.

ಆಮೇಲೆ ನಾನು ಆಸ್ಪತ್ರೆಯವರ ಬೆನ್ನು ಬಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಯಿತು, ಇರಲಿ. ಎಚ್ಚರಿಕೆಯ ಹಾಳೆಗಳಲ್ಲಿ ಯಾವುದನ್ನು ನಂಬಬಾರದು ಎಂದಷ್ಟೇ ಬರೆಯುತ್ತಿದ್ದೆವು. ನಮ್ಮ ಕರೆಯನ್ನು ಹೇಗೆ ಗುರುತಿಸಬೇಕು ಎಂದು ಯಾರಿಗೂ ಹೇಳಿರಲಿಲ್ಲ. ಈಗ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ನನ್ನ ಎದುರು ಕುಳಿತು ಒಂದು ಗುರುತಿನ ಮಾತು ಆರಿಸುತ್ತಾರೆ. ಪ್ರಶ್ನೆ ನಮ್ಮದು, ಉತ್ತರ ಅವರದು. ಅದನ್ನು ಫೋನಿನಲ್ಲಿ ಬರೆಯುವಂತಿಲ್ಲ, ಯಾವ ಗುಂಪಿನಲ್ಲೂ ಹಾಕುವಂತಿಲ್ಲ. ನಾವು ಆ ಮಾತು ಕೇಳದಿದ್ದರೆ ಅವರು ಕತ್ತರಿಸಬೇಕು, ಕೇಳಿದ ಮೇಲೂ ಬೇಕಾದರೆ ಫೋನ್ ಇಟ್ಟು, ಆಸ್ಪತ್ರೆಯ ಕಾರ್ಡಿನ ಮೇಲೆ ಅಚ್ಚಾದ ಸಂಖ್ಯೆಗೆ ತಾವೇ ಕರೆ ಮಾಡಬಹುದು. ಫೋನಿನಲ್ಲಿ ನಾವು ದುಡ್ಡು ಕೇಳುವುದಿಲ್ಲ, ಮೆಸೇಜಿನಲ್ಲಿ ಲಿಂಕು ಕಳಿಸುವುದಿಲ್ಲ. ತಿಂಗಳಿಗೊಮ್ಮೆ ಸುಮ್ಮನೆ ಕರೆ ಮಾಡಿ, ಗುರುತಿನ ಮಾತು ನೆನಪಿದೆಯೇ ಎಂದು ನೋಡುತ್ತೇವೆ. ಇಷ್ಟು ಸಣ್ಣ ಕೆಲಸ. ಮೊದಲೇ ಮಾಡಲು ಅಡ್ಡಿಯೇನಿತ್ತು.

ಮೊದಲ ಗುರುತಿನ ಮಾತು ವೈನಿಯದು. ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ, ಬಂದರು. ಸಿಟ್ಟು ಇಳಿದಿತ್ತು, ಮುಖ ಮಾತ್ರ ನೀರು ತುಂಬಿ ಊದಿಕೊಂಡಿತ್ತು. ಯಜಮಾನರು ಹಿಂದೆ ನಿಂತಿದ್ದರು, ನನ್ನ ಕಣ್ಣು ತಪ್ಪಿಸುತ್ತಾ.

"ಕನ್ನಡದಾಗ ಇಡಬಹುದೇನ್ರಿ?" ಎಂದು ವೈನಿ ಕೇಳಿದರು.

"ನಿಮಗ ಯಾವದು ಬೇಕೋ ಅದು."

"ಕನ್ನಡನ ಇರಲಿ. ಅವತ್ತ ಕಟ್ಟಿದ ಬುತ್ತಿ ಹಂಗ ಹೋತಲ್ರಿ. ನೀವ, ಬುತ್ತಿ ಕಟ್ಟೀರೇನ್ರಿ ಅಂತ ಕೇಳ್ರಿ. ನಾವು, ಶೇಂಗಾ ಹಿಂಡಿ ಇಟ್ಟೀವ್ರಿ ಅಂತೀವಿ." ಗಂಡನ ಕಡೆ ತಿರುಗಿ, "ನೆನಪ ಇಟ್ಕೋರಿ ಮತ್ತ" ಎಂದರು. ಅವರು ತಲೆಯಾಡಿಸಿದರು.

ತಿಂಗಳ ಕರೆಯನ್ನು ನನ್ನ ಸಹೋದ್ಯೋಗಿ ಮಾಡುತ್ತಿದ್ದಳು. ಮರಾಠಿ ಹುಡುಗಿ, ನಮ್ಮ ಮಾತನ್ನು ಬಾಯಿಪಾಠ ಮಾಡಿಕೊಂಡು ಮುದ್ದಾಗಿ ಹೇಳುತ್ತಿದ್ದಳು. ಕಾತ್ರಜದವರು ಒಂದೇ ರಿಂಗಿಗೆ ಎತ್ತುತ್ತಾರೆ, ಉತ್ತರ ಸರಿಯಾಗಿ ಹೇಳುತ್ತಾರೆ ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು. ವೈನಿಯ ಹೆಸರು ಪಟ್ಟಿಯ ಮೇಲೇ ಉಳಿದಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮತ್ತೆ ಅದೇ ರಕ್ತದ ಗುಂಪಿನ ದಾನಿ. ಮೊದಲ ಹೆಸರು ವೈನಿಯದು.  ಆಸ್ಪತ್ರೆಯ ಫೋನಿನಿಂದ ಕರೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಬುತ್ತಿ ಕಟ್ಟೀರೇನ್ರಿ?" ಎಂದೆ.

"ಶೇಂಗಾ ಹಿಂಡಿ ಇಟ್ಟೀವ್ರಿ" ಎಂದರು ಯಜಮಾನರು.

"ಅಣ್ಣಾರ, ನಾನ ಮಾತಾಡಾಕತ್ತೀನಿ. ಈ ಸಲ ಖರೇ ಕರೆ. ಕಿಡ್ನಿ ಬಂದದ. ವೈನೀನ ಕರ್ಕೊಂಡು ಲಗೂ ಬರ್ರಿ. ಏನೂ ತಿನಸಬ್ಯಾಡ್ರಿ."

 ಆ ಕಡೆ ಹೆದ್ದಾರಿಯ ಲಾರಿಗಳ ಸದ್ದಷ್ಟೇ ಕೇಳಿಸುತ್ತಿತ್ತು. ಕಟ್ ಮಾಡಿಬಿಟ್ಟರೇನೋ ಎಂದು, ಅಣ್ಣಾರ, ಅಣ್ಣಾರ ಎಂದೆ.

"ಆಕಿ ಇಲ್ರೀ ಅಕ್ಕೋರ" ಎಂದರು. "ಪಂಚಮಿ ಮುಂದ ಹ್ವಾದ್ಲು. ಉಸರ ಹಿಡೀತ್ರಿ. ಇಲ್ಲೇ ಹತ್ರದ ದವಾಖಾನಿಗಿ ಒಯ್ದಿದ್ದೆ. ಮುಟ್ಟಿಸಿದೆ, ಆದ್ರ ಆಗಲಿಲ್ಲ."

 ನಾಗರ ಪಂಚಮಿ ಆಗಿ ಎರಡು ತಿಂಗಳಾಗಿತ್ತು. ನಡುವೆ ನಮ್ಮ ಹುಡುಗಿ ಕರೆ ಮಾಡಿದ್ದಳು, ಅವರು ಉತ್ತರ ಕೊಟ್ಟಿದ್ದರು.

"ಆ ಮರಾಠಿ ತಂಗಿ ಕೇಳಿದಾಗ ಹೇಳಬೇಕಂತ ಮಾಡಿದ್ದೆ" ಎಂದರು ಅವರೇ, ನಾನು ಕೇಳದಿದ್ದರೂ. "ಹೇಳಿದ್ರ ಮತ್ತ ಫೋನ್ ಬರೂದಿಲ್ಲಲ್ರಿ. ಬುತ್ತಿ ಕಟ್ಟೀರೇನು ಅಂತ ಆಕೀನ್ನ ಕೇಳೋರು ಇನ್ನ ಒಬ್ರ ಅದಾರ ಅನಸ್ತಿತ್ತು. ತಪ್ಪ ಆತ್ರಿ."

"ಇಲ್ರಿ ಅಣ್ಣಾರ" ಎಂದೆ.  ನನ್ನ ಕಣ್ಣೀರು ಮೇಜಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

 "ನನ್ನ ಕೂಡ ಮಾತಾಡಿ ಹೊತ್ತ ಕಳೀಬ್ಯಾಡ್ರಿ ಅಕ್ಕೋರ. ಮುಂದಿನವ್ರಿಗೆ ಮಾಡ್ರಿ. ಅವ್ರು ಎಲ್ಲಿ ಅದಾರೋ ಏನೋ. ಲಗೂ ಮಾಡ್ರಿ."

ಈ ಸಲವೂ ಫೋನ್ ಕತ್ತರಿಸಿದವರು ಅವರೇ. ನಾನು ಮುಂದಿನ ಹೆಸರು ನೋಡಿ ಸಂಖ್ಯೆ ಒತ್ತಿದೆ.